ದೊಡ್ಡವ್ವನ ಬಾಗಿಲ ಮುಂದಿನ ಗುಂಡಿ

ನಮ್ಮೂರಿನ ಮೇಲಿನ ಬೀದಿಗೆ ಹೊಸ ಡಾಂಬರು ಹಾಕಿ ಎರಡು ತಿಂಗಳು ತುಂಬುವ ಮೊದಲೇ ಅದು ಕಿತ್ತುಬಂತು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಹೊಸ ರಸ್ತೆಗಳು ಏಕೆ ಬೇಗ ಹಾಳಾಗುತ್ತವೆ ಎಂದು ನೋಡಿ ಬರೆಯುವುದೇ ನನ್ನ ಕೆಲಸ. ಅವು ಹಾಳಾಗದಿದ್ದರೆ ನಾನು ಬೇರೆ ಕೆಲಸ ಹುಡುಕಬೇಕಾಗುತ್ತಿತ್ತು. ಆಶ್ಚರ್ಯವಾದದ್ದು, ಆ ರಸ್ತೆ ಮನೆಮನೆ ನೋಡಿಕೊಂಡು ಕಿತ್ತುಬಂದಿತ್ತು ಎಂಬುದು.

ಮಂಡ್ಯದ ಒಂದು ಸಣ್ಣ ಖಾಸಗಿ ಪರೀಕ್ಷಾಲಯದಲ್ಲಿ ನಾನು ಎಂಜಿನಿಯರ್. ಜಲ್ಲಿ, ಸಿಮೆಂಟು, ಇಟ್ಟಿಗೆ, ಡಾಂಬರು, ಯಾರು ಏನು ತಂದುಕೊಟ್ಟರೂ ಒಡೆದು, ಕಾಯಿಸಿ, ತೂಗಿ, ಹೇಗಿದೆ ಎಂದು ಬರೆದುಕೊಡುತ್ತೇವೆ. ನಾನು ಲ್ಯಾಬಿನಲ್ಲಿದ್ದೇನೆ ಎಂದು ದೊಡ್ಡವ್ವ ಊರಿಗೆಲ್ಲ ಹೇಳಿದ್ದರಿಂದ, ರಜೆಗೆ ಹೋದಾಗ ಒಂದಿಬ್ಬರು ಸಕ್ಕರೆ ಕಾಯಿಲೆ ನೋಡಿಸಿಕೊಳ್ಳಲು ಬೆರಳು ಚಾಚಿದ್ದುಂಟು. ಸೂಜಿ ತಂದಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಜಲ್ಲಿಯ ವಿಷಯ ವಿವರಿಸುವುದಕ್ಕಿಂತ ಅದು ಸುಲಭ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಅವ್ವ ಇರುವುದು ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ. ನಾನು ಹೈಸ್ಕೂಲಿನಿಂದ ಎಂಜಿನಿಯರಿಂಗ್ ಮುಗಿಯುವವರೆಗೂ ಮಂಡ್ಯ ಜಿಲ್ಲೆಯದೇ ಆದ ಕೊಪ್ಪದ ಹತ್ತಿರ, ದೊಡ್ಡವ್ವನ ಮನೆಯಲ್ಲಿದ್ದೆ. ಹಾಗಾಗಿ ನಮ್ಮೂರು ಎಂದರೆ ನನ್ನ ಬಾಯಿಗೆ ಬರುವುದು ಆ ಊರೇ.

ಡಿಸೆಂಬರಿನ ಕೊನೆಯಲ್ಲಿ ಒಂದು ದಿನ ದೊಡ್ಡವ್ವ ಫೋನು ಮಾಡಿದಳು. ಊಟವಾಯಿತೇ ಎಂದು ಕೇಳುವ ಮೊದಲೇ ವಿಷಯಕ್ಕೆ ಬಂದಳು.

"ಮಗ, ನಮ್ಮನೆ ಮುಂದೆ ಎಮ್ಮೆ ಮನಿಕ್ಕೊಳ್ಳೋವಷ್ಟು ಗುಂಡಿ ಬಿದ್ದದೆ ಕಣವ್ವ. ಹೊಸ ರೋಡು!"

"ನಿಜವಾಗ್ಲೂ ಎಮ್ಮೆಯಷ್ಟಾ, ದೊಡ್ಡವ್ವ?"

"ಕರು ಅನ್ಕೋ. ಆ ಮೇಸ್ತ್ರಿ ಟಾರೆಲ್ಲ ಮಾರ್ಕೊಂಡು ಬರೀ ಮಸಿ ಬಳ್ದು ಓಗವ್ನೆ. ನಾವೇನು ಸುಮ್ಕೆ ಬುಟ್ಟಿಲ್ಲ. ಅರ್ಜಿ ಬರ್ಸಿವ್ನಿ. ಮೊದಲ್ನೇ ಸಯಿ ನಂದೇ."

ಆ ಅರ್ಜಿ ನನ್ನ ಮೇಜಿನ ಮೇಲೆಯೇ ಬಂದು ಬೀಳುತ್ತದೆ ಎಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ರಸ್ತೆಯ ಕಂಟ್ರಾಕ್ಟರು ಅದರ ನಕಲನ್ನು ನಮ್ಮಲ್ಲಿಗೆ ಕಳಿಸಿ, ಡಾಂಬರು ಕಡಿಮೆ ಬಿದ್ದಿದೆಯೇ ಎಂದು ಕೇಳಿದ್ದರು. ಅರ್ಜಿಯಲ್ಲಿ ಎರಡು ಮಾತಿತ್ತು. ಒಂದು, ಮೇಲಿನ ಬೀದಿಯನ್ನು ಮತ್ತೆ ಮಾಡಿಕೊಡಬೇಕು. ಇನ್ನೊಂದು, ಈ ಮೇಸ್ತ್ರಿ ಇನ್ನು ಊರಿಗೆ ಕಾಲಿಡಬಾರದು. ಇನ್ನೂ ಆಗಬೇಕಾಗಿದ್ದ ಕೆಳಗಿನ ಬೀದಿಯ ಕೆಲಸಕ್ಕೆ ಬೇರೆಯವರು ಬರಬೇಕು. ಊರಿನವರು ಪಟ್ಟು ಬಿಡದಿದ್ದರೆ ಮೇಸ್ತ್ರಿಯನ್ನು ಈ ಕೆಲಸದಿಂದಷ್ಟೇ ಅಲ್ಲ, ಪೂರ್ತಿಯಾಗಿಯೇ ಬಿಡಿಸುವುದಾಗಿ ಕಂಟ್ರಾಕ್ಟರು ಹೇಳಿದ್ದರು. ಕಳ್ಳ ಎಂಬ ಹೆಸರು ಬಂದವನನ್ನು ಅವರೂ ಇಟ್ಟುಕೊಳ್ಳುವಂತಿರಲಿಲ್ಲ, ಬೇರೆಯವರೂ ಕರೆಯುವಂತಿರಲಿಲ್ಲ.

ನಾನು ಅರ್ಜಿಯನ್ನು ನಮ್ಮ ಸರ್ ಮುಂದೆ ಇಟ್ಟೆ. "ಸರ್, ಈ ಮೊದಲ ಸಹಿ ನಮ್ಮ ದೊಡ್ಡಮ್ಮನದು. ನಾನು ಹೋಗುವುದು ಸರಿಯಲ್ಲ."

"ಒಳ್ಳೇದೇ ಆಯ್ತಲ್ಲ," ಎಂದರು ಅವರು. "ಊಟದ ಚಿಂತೆ ಇಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ನಾನು ಹೋಗಿ ಅಳತೆ ತೆಗೆದು, ರಸ್ತೆಯ ತುಂಡು ತರುವುದು. ಅದರಲ್ಲಿ ಡಾಂಬರು ಎಷ್ಟಿದೆ ಎಂಬುದನ್ನು ಇನ್ನೊಬ್ಬ ಸಹೋದ್ಯೋಗಿ ಪರೀಕ್ಷಿಸುವುದು.

ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಬೀದಿಯ ಬಾಯಲ್ಲೇ ನಿಂತು ನೋಡಿದರೆ ವಿಚಿತ್ರವೆನಿಸಿತು. ಕಬ್ಬಿನ ಟ್ರ್ಯಾಕ್ಟರು ಹಾಳು ಮಾಡಿದ ರಸ್ತೆಗೆ ಎರಡು ಉದ್ದನೆಯ ಗಾಲಿಯ ಪಟ್ಟಿಗಳಿರುತ್ತವೆ. ನೀರು ನಿಂತು ಹಾಳಾದದ್ದು ಅಂಚಿನಿಂದ ಕರಗುತ್ತಾ ಬರುತ್ತದೆ. ಇಲ್ಲಿ ಹಾಗಿರಲಿಲ್ಲ. ಒಂದು ಮನೆಯ ಬಾಗಿಲಿನ ಅಗಲಕ್ಕೆ ಸರಿಯಾಗಿ ಪದರ ಎದ್ದಿದೆ, ಮುಂದೆ ನಾಲ್ಕು ಮಾರು ನುಣ್ಣಗಿದೆ, ಮತ್ತೆ ಮುಂದಿನ ಬಾಗಿಲಿಗೆ ಸರಿಯಾಗಿ ಎದ್ದಿದೆ. ಗುಂಡಿಗಳಿಗೆ ಮನೆಯ ನಂಬರು ಕೊಡಬಹುದಾಗಿತ್ತು; ನನ್ನ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಮಂಡ್ಯಕ್ಕೆ ಹೋಗಿ ಸೇರಿದವರ ಬೀಗ ಹಾಕಿದ ಮನೆಯ ಮುಂದೆ ಒಂದು ಬಿರುಕೂ ಇರಲಿಲ್ಲ. ದೊಡ್ಡವ್ವನ ಎದುರು ಮನೆಯ ಮುಂದೆ ರಸ್ತೆ ಹಾಕಿದ ದಿನ ಇದ್ದ ಹಾಗೆಯೇ ಇತ್ತು. ಬೀದಿಯಲ್ಲೇ ದೊಡ್ಡ ಗುಂಡಿ ದೊಡ್ಡವ್ವನದು. ಎಮ್ಮೆಯಲ್ಲ, ಕರುವೂ ಅಲ್ಲ; ಬಂಡೂರಿನ ಎರಡು ಕುರಿ ಮಲಗಬಹುದಾಗಿತ್ತು.

ಡೈರಿಗೆ ಹಾಲು ಹಾಕಿ ಬರುತ್ತಿದ್ದವರು ನನ್ನ ಟೇಪು ಕಂಡು ನಿಂತರು. ಪ್ರತಿಯೊಬ್ಬರ ಬಳಿಯೂ ಒಂದು ಕಾರಣವಿತ್ತು.

"ಟಾರು ಕಮ್ಮಿ ಕಣವ್ವ, ಬೇರೇನೂ ಇಲ್ಲ."

"ಟಾರು ಸರ್ಯಾಗೇ ಅದೆ, ಲಾರಿಲೇ ತಣ್ಣಗಾಗ್ಬುಟ್ಟಿತ್ತು. ತಂಗಳು ಮುದ್ದೆ ತಟ್ಟುದ್ರೆ ಎಲ್ಲಿ ಅಂಟ್ಕೊತದೆ?"

"ಏ ಬುಡ್ಲಾ, ನಿನ್ ಟ್ರ್ಯಾಕ್ಟರಿನ ಕೇಜ್‌ವೀಲು ಬಿಚ್ದೆ ರೋಡ್ ಮೇಲೆ ಓಡುಸ್ದಲ್ಲ, ಅದ್ಕೇ ಎದ್ದೋಗಿರದು."

"ಕೆಸ್ರು ಗದ್ದೆಯಿಂದ ಮನೆಗೆ ಬರ್ಬೇಕಾದ್ರೆ ಟ್ರ್ಯಾಕ್ಟರ್ ಎತ್ಕೊಂಡು ಬರ್ಲೇನ್ಲಾ?"

ಆ ಊಹೆಗಳು ನಾನು ಓದಿದ ಪಠ್ಯಪುಸ್ತಕದಿಂದ ಬಹಳ ದೂರವೇನೂ ಇರಲಿಲ್ಲ. ಬಿಸಿ ಮಿಶ್ರಣ ಆರುವ ಮೊದಲು ರೋಲರು ಓಡದಿದ್ದರೆ ಅದು ಬಿಗಿಯಾಗುವುದಿಲ್ಲ. ಗದ್ದೆಯ ಕೆಸರಿಗೆಂದು ಹಾಕುವ ಕಬ್ಬಿಣದ ಗಾಲಿ ಎಳೆಯ ರಸ್ತೆಯನ್ನು ಕೊರೆಯುತ್ತದೆ. ಆದರೆ ಕೇಜ್‌ವೀಲಿಗೆ ಬೀಗ ಹಾಕಿದ ಮನೆ ಯಾವುದು, ಬಾಗಿಲು ತೆರೆದ ಮನೆ ಯಾವುದು ಎಂದು ಹೇಗೆ ಗೊತ್ತಾಗಬೇಕು? ನಾನು ಅದನ್ನು ಅಲ್ಲಿ ಕೇಳಲಿಲ್ಲ. ಹತ್ತು ಜನರ ಮುಂದೆ ಪ್ರಶ್ನೆ ಕೇಳುವುದು ನನಗೆ ಯಾವಾಗಲೂ ಕಷ್ಟ.

ಮೇಸ್ತ್ರಿ ಊರಿನೊಳಗೆ ಬರಲು ಹೆದರಿ ಬಸ್‌ಸ್ಟಾಪಿನ ಟೀ ಅಂಗಡಿಯ ಹಿಂದೆ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೊಂದು ಟವೆಲು. ಎರಡು ವಾರದಿಂದ ಕೆಲಸವಿರಲಿಲ್ಲ. ಅರ್ಜಿಗೆ ಮೊದಲ ಸಹಿ ಹಾಕಿದವರು ನನ್ನ ದೊಡ್ಡಮ್ಮ ಎಂದು ಮೊದಲೇ ಹೇಳಿಬಿಟ್ಟೆ. ಅವರು ಟೀ ಲೋಟವನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಟಾರು ಕದ್ದಿಲ್ಲ ಮೇಡಂ. ಮಕ್ಳಾಣೆ."

"ಮನೆಗಳ ಮುಂದೆ ಮಾತ್ರ ಯಾಕೆ ಎದ್ದಿದೆ?"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಟಾರ್ ಆಕೋಕ್ ಮುಂಚಿನ್ ಸಾಯಂಕಾಲ ಅಳೇ ರೋಡ್ನೆಲ್ಲ ಗುಡ್ಸಿ, ಧೂಳ್ ಹೊಡ್ದು, ತಟ್ಟೆ ಇದ್ದಂಗೆ ಮಾಡಿ ಓದೊ. ಬೆಳಿಗ್ಗೆ ಬಂದು ನೋಡ್ತೀನಿ, ಅಷ್ಟೂ ಮನೆಯೋರು ಬಾಗ್ಲಿಗೆ ನೀರ್ ಆಕ್ಬುಟ್ಟವ್ರೆ! ಸಗಣಿ ನೀರು. ಅದ್ರ ಮೇಲೆ ರಂಗೋಲೆ."

ನನಗೆ ಒಮ್ಮೆಲೇ ಇಡೀ ಬೀದಿ ಅರ್ಥವಾಯಿತು. ಹೊಸ ಡಾಂಬರು ಹಳೆಯದಕ್ಕೆ ಕಚ್ಚಿಕೊಳ್ಳಬೇಕಾದರೆ ಕೆಳಗಿನದು ಒಣಗಿರಬೇಕು, ಶುದ್ಧವಾಗಿರಬೇಕು. ಅದರ ಮೇಲೆ ತೆಳ್ಳಗೆ ಡಾಂಬರು ಸಿಂಪಡಿಸುತ್ತಾರೆ, ಗೋಂದು ಬಳಿದ ಹಾಗೆ. ಆಮೇಲೆ ಬಿಸಿ ಮಿಶ್ರಣ ಸುರಿಯುತ್ತಾರೆ. ನಡುವೆ ನೀರೋ ಧೂಳೋ ಇದ್ದರೆ ಅದು ಹಿಡಿಯುವುದಿಲ್ಲ. ಇಲ್ಲಿ ನೀರು, ರಂಗೋಲಿಯ ಪುಡಿ, ಸಗಣಿ ಮೂರೂ ಇದ್ದವು. ಬೀಗದ ಮನೆಗೆ ನೀರು ಹಾಕುವವರಿರಲಿಲ್ಲ. ಎದುರು ಮನೆಯಲ್ಲಿ ರಸ್ತೆ ಹಾಕಿದ ವಾರವೇ ಅಜ್ಜ ತೀರಿಕೊಂಡಿದ್ದರು. ತಿಥಿ ಆಗುವವರೆಗೆ ಸಾವಿನ ಮನೆಯ ಬಾಗಿಲಿಗೆ ನೀರೂ ಇಲ್ಲ, ರಂಗೋಲಿಯೂ ಇಲ್ಲ. ಬೀದಿಯ ಅತ್ಯುತ್ತಮ ರಸ್ತೆ ಸೂತಕದ ಮನೆಗೆ ಸಿಕ್ಕಿತ್ತು.

"ನೀವು ಹೇಳಲಿಲ್ಲವಾ?"

"ಯೋಳ್ದೆ ಮೇಡಂ. ನಿಮ್ ದೊಡ್ಡಮ್ಮಾರ್ಗೇ ಯೋಳ್ದೆ. ಅಮ್ಮಾ, ಇವತ್ತೊಂದಿನ ನೀರ್ ಆಕ್ಬಾರ್ದಿತ್ತು ಅಂತ. 'ಬಾಗ್ಲಿಗೆ ನೀರ್ ಆಕ್ದೆ ಇರಕ್ಕೆ ನಮ್ಮನೇಲಿ ಯಾರ್ ಸತ್ತವ್ರೆ ಅನ್ಕೊಂಡಿದ್ದೀಯ?' ಅಂದ್ರು. ನಾನ್ ಏನ್ ಅನ್ಲಿ? ಬಿಸಿ ಮಾಲು ತುಂಬ್ಕೊಂಡು ಲಾರಿ ಬಂದು ನಿಂತದೆ, ಆರ್ತಾ ಅದೆ. ನಮ್ ಕೆಲ್ಸದೋರು ರಂಗೋಲೆ ತುಳ್ಯಕಾಯ್ತದಾ ಅಂತ ಸುತ್ತಾಕ್ಕೊಂಡು ಓಡಾಡ್ತವ್ರೆ. ಮೇಲೆ ಒಣಗ್ದಂಗೆ ಕಾಣ್ತು, ಸುರ್ದ್ಬುಟ್ಟೆ."

"ಇದನ್ನ ಕಂಟ್ರಾಕ್ಟರಿಗೆ ಹೇಳಬಹುದಿತ್ತು."

"ರಂಗೋಲೆಯಿಂದ ರೋಡ್ ಓಯ್ತು ಅಂತಲಾ? ಕಳ್ಳನ್ ಜೊತೆಗೆ ಹುಚ್ಚ ಅಂತ್ಲೂ ಅನ್ನುಸ್ಕೊಬೇಕಾಗಿತ್ತು."

ಮೇಸ್ತ್ರಿಯ ಮಾತೊಂದೇ ಸಾಲದು. ವರದಿಗೆ ಸಾಕ್ಷಿ ಬೇಕು. ಹಿಂದಿರುಗಿ ಹೋಗಿ ದೊಡ್ಡವ್ವನ ಗುಂಡಿಯ ಅಂಚಿಗೆ ಉಳಿ ತೂರಿಸಿದೆ. ಸುತ್ತಿಗೆಯ ಅಗತ್ಯವೇ ಬೀಳಲಿಲ್ಲ. ಕಾದ ಹೆಂಚಿನಿಂದ ದೋಸೆ ಎದ್ದ ಹಾಗೆ ಡಾಂಬರಿನ ಒಂದು ಹಲಗೆ ಪೂರ್ತಿ ಎದ್ದು ಬಂತು. ದೊಡ್ಡವ್ವ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ನೋಡು ನೋಡು! ಅಂಟೇ ಇಲ್ಲ. ಕಳ್ಳ ನನ್ಮಗ."

ನಾನು ಹಲಗೆಯನ್ನು ಮಗುಚಿದೆ. ತಳದಲ್ಲಿ ಹಸಿರುಗಪ್ಪು ಸಗಣಿಯ ಪೊರೆ. ಅದರ ನಡುವೆ ಬೆಳ್ಳಗೆ, ಒಂದು ಗೆರೆಯೂ ಕದಡದೆ, ಎಂಟೆಸಳಿನ ತಾವರೆಯ ಅರ್ಧ. ಎಸಳಿಗೊಂದು ಚುಕ್ಕಿ, ಚುಕ್ಕಿಗೊಂದು ಬಳ್ಳಿ. ಮೇಲಿನ ಬೀದಿಯಲ್ಲಿ ಉಳಿದವರೆಲ್ಲ ಆರೆಸಳಿಗೆ ನಿಲ್ಲಿಸುತ್ತಾರೆ.

ದೊಡ್ಡವ್ವ ಕಾಫಿ ಕುಡಿಯುವುದನ್ನು ನಿಲ್ಲಿಸಿದಳು. ಬಗ್ಗಿ ಹತ್ತಿರದಿಂದ ನೋಡಿದಳು.

"ಇದು ನನ್ ಕೈದು," ಎಂದಳು. ದನಿಯಲ್ಲಿ ಮೊದಲು ಬಂದದ್ದು ಹೆಮ್ಮೆ. ಅಳುಕು ಒಂದು ಗುಟುಕು ತಡವಾಗಿ ಬಂತು. ಬೀದಿಯ ಎರಡೂ ಕಡೆ ನೋಡಿ, ಜಗಲಿಯ ಮೇಲಿದ್ದ ಗೋಣಿಚೀಲವನ್ನು ಹಲಗೆಯ ಮೇಲೆ ಎಸೆದಳು. "ಒಳಿಕ್ಕೆ ತಕೊಂಡು ನಡಿ."

ಒಳಗೆ ನಾನು ಆದಷ್ಟು ಸರಳವಾಗಿ ಹೇಳಿದೆ. ಅವಳು ಗೋಡೆಗೆ ಒರಗಿ ಕೇಳಿದಳು.

"ರೋಡ್ ಬರೋ ದಿನ ಅಂತ ದಿನಾ ಆಕದ್ಕಿಂತ ಎಲ್ಡು ಬಿಂದ್ಗೆ ಜಾಸ್ತಿ ಆಕ್ದೆ ಕಣವ್ವ," ಎಂದಳು ಸಣ್ಣಗೆ. ಆಮೇಲೆ, "ಕಾಗ್ದದಾಗೆ ಏನಂತ ಬರೀತೀಯ?"

"ಕಂಡದ್ದನ್ನ. ಎರಡು ಪದರದ ನಡುವೆ ತೇವ, ಸಗಣಿಯ ಪೊರೆ ಅಂತ."

"ನನ್ ಎಸ್ರು?"

"ಹೆಸರು ಬರೆಯುವ ಜಾಗವೇ ಇಲ್ಲ ಅದರಲ್ಲಿ."

"ಸಗಣಿ ಅಂದ್ಮೇಲೆ ಎಸ್ರು ಯಾಕೆ? ಊರ್ಗೇ ಗೊತ್ತಾಯ್ತದೆ ಯಾರ್ ಎಷ್ಟ್ ಸಾರುಸ್ತಾರೆ ಅಂತ."

ಹಲಗೆಯ ಅರ್ಧವನ್ನು ಮಂಡ್ಯಕ್ಕೆ ತಂದೆ, ಉಳಿದರ್ಧ ಗೋಣಿಚೀಲದೊಳಗೆ ದೊಡ್ಡವ್ವನ ಮನೆಯಲ್ಲೇ ಉಳಿಯಿತು. ಸಹೋದ್ಯೋಗಿ ಆ ತುಂಡನ್ನು ದ್ರಾವಕದಲ್ಲಿ ತೊಳೆದು ಡಾಂಬರನ್ನೆಲ್ಲ ಬೇರ್ಪಡಿಸಿ, ಉಳಿದ ಜಲ್ಲಿಯನ್ನು ಒಣಗಿಸಿ ತೂಗಿದರು. ಡಾಂಬರು ಬೇಕಾದಷ್ಟೇ ಇತ್ತು. ಮೇಸ್ತ್ರಿ ಏನನ್ನೂ ಕದ್ದಿರಲಿಲ್ಲ.

ಅಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ಮುಂದಿನ ಭಾನುವಾರ ಊರಿಗೆ ಹೋದಾಗ ದೊಡ್ಡವ್ವ ಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ವರದಿಯಿಂದ ಕಳ್ಳತನದ ಮಾತು ಹೋಗುತ್ತದೆ. ಆದರೆ ತೇವದ ಮೇಲೆ ಸುರಿದದ್ದು ಮೇಸ್ತ್ರಿಯದೇ ತಪ್ಪಾಗಿ ಉಳಿಯುತ್ತದೆ. ಊರಿನವರು ಬೇಡವೆಂದರೆ ಕಂಟ್ರಾಕ್ಟರು ಅವರನ್ನು ಕಳಿಸಿಯೇ ಕಳಿಸುತ್ತಾರೆ. ಊರಿಗೆ ಈ ವರದಿ ಯಾರೂ ಓದಿ ಹೇಳುವುದಿಲ್ಲ.

"ನೀನೇ ಡೈರಿ ತಾವ ನಿಂತ್ಕೊಂಡು ಯೋಳು. ಎಂಜಿನಿಯರಲ್ವಾ?"

"ನನಗೆ ಆಗುವುದಿಲ್ಲ ದೊಡ್ಡವ್ವ."

ಅದು ನಿಜವಾಗಿತ್ತು. ನಾಲ್ಕು ಸಾಲು ಬರೆದು ಸಹಿ ಹಾಕಬಲ್ಲೆ. ನಾಲ್ಕು ಜನರ ಮುಂದೆ, ನಿಮ್ಮ ಬಾಗಿಲ ಶುದ್ಧವೇ ನಿಮ್ಮ ರಸ್ತೆಯನ್ನು ತಿಂದದ್ದು ಎನ್ನಲಾರೆ. ಅದೂ ಸಾಕಿದವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ದೊಡ್ಡವ್ವ ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಎಳೆಯ ಸೊಪ್ಪನ್ನು ಕಸಕ್ಕೂ ಕಡ್ಡಿಯನ್ನು ಪಾತ್ರೆಗೂ ಹಾಕುತ್ತಿದ್ದಳು.

ಸಂಜೆ ಐದೂವರೆಗೆ ಡೈರಿಯ ಗಂಟೆ ಹೊಡೆಯಿತು. ದೊಡ್ಡವ್ವ ಬಲಗೈಯಲ್ಲಿ ಹಾಲಿನ ಕ್ಯಾನು ಹಿಡಿದಳು. ಎಡಗಡೆ ಸೊಂಟದ ಮೇಲೆ, ಮಗುವನ್ನು ಕೂರಿಸಿಕೊಂಡ ಹಾಗೆ, ಗೋಣಿಚೀಲ. ನಾನು ಹಿಂದೆ ಹತ್ತು ಹೆಜ್ಜೆ ದೂರ ಬಿಟ್ಟುಕೊಂಡು ನಡೆದೆ.

ಸಾಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನರಿದ್ದರು. ಅವಳು ಕ್ಯಾನು ಇಳಿಸಿ, ಚೀಲ ಬಿಚ್ಚಿ, ಹಲಗೆಯನ್ನು ಡೈರಿಯ ಕಟ್ಟೆಯ ಮೇಲೆ ಮಗುಚಿಟ್ಟಳು.

"ನೋಡ್ಕಳಿ ಎಲ್ಲಾರೂ. ಟಾರು ಕಮ್ಮಿ ಆಕಿಲ್ಲ ಆವಯ್ಯ. ಇವ್ಳು ಮಂಡ್ಯದಾಗೆ ತೂಗ್ಸವ್ಳೆ. ನಾನೇ ಅಡೀಲಿ ಸಗಣಿ ನೀರ್ ಆಕಿ ರಂಗೋಲೆ ಬುಟ್ಟಿದ್ದೆ. ಅದ್ಕೇ ಅಂಟ್ಕೊಂಡಿಲ್ಲ. ಆವಯ್ಯ ಬ್ಯಾಡ ಅಂದ, ನಾನೇ ಬಯ್ದು ಕಳುಸ್ದೆ. ನಾ ಆಕಿದ್ ಸಯಿ ಸುಳ್ಳು."

ಹಾಲು ಅಳೆಯುವವರು ಲೀಟರನ್ನು ಗಾಳಿಯಲ್ಲೇ ಹಿಡಿದಿದ್ದರು. ಎಲ್ಲರೂ ನಗುತ್ತಾರೆ ಎಂದು ನಾನು ಹೆದರಿ ಮರದ ಮರೆಗೆ ಸರಿದೆ. ಆಗ ಪಕ್ಕದ ಮನೆಯಾಕೆ ತಾವರೆಯನ್ನು ಬಗ್ಗಿ ನೋಡಿದರು.

"ನಿಮ್ದೊಂದೇ ಏನಕ್ಕಾ? ನಮ್ಮನೆ ಮುಂದೇನೂ ಎದ್ದೋಗದೆ. ನಾನೂ ಆಕಿದ್ದೆ."

"ನಿಮ್ಮದು ಅಂಗೈ ಅಗಲ," ಎಂದಳು ಇನ್ನೊಬ್ಬಾಕೆ. "ನಮ್ಮನೆ ಮುಂದೆ ಬಂದು ನೋಡಿ. ಬೈಕು ಬಿದ್ದೋಯ್ತು ಮೊನ್ನೆ."

ಒಂದೇ ನಿಮಿಷದಲ್ಲಿ ಮಾತಿನ ದಿಕ್ಕೇ ಬದಲಾಯಿತು. ಯಾರ ಗುಂಡಿ ದೊಡ್ಡದೋ ಅವರ ಬಾಗಿಲು ಶುದ್ಧ ಎಂದಾಯಿತು. ಗಂಡಸರು ಹಿಂದೆ ಸರಿದರು. ಬೀದಿಯ ಕೊನೆಯ ಮನೆಯ ಅತ್ತೆ ತನ್ನ ಸೊಸೆಯ ಕಡೆ ತಿರುಗಿದಳು. ಅವರ ಮನೆಯ ಮುಂದೆ ಒಂದು ಕಲ್ಲೂ ಎದ್ದಿರಲಿಲ್ಲ.

"ನಾನ್ ಬಡ್ಕೊತಿದ್ದೆ. ನೀನು ಒಂದ್ ಚೊಂಬು ಚುಮುಕ್ಸಿ ಒಳಿಕ್ಕೋಯ್ತೀಯ ಅಂತ. ಈಗ ರೋಡೇ ಯೋಳ್ತಾ ಅದೆ."

"ಇಲ್ಲ ಕಣತ್ತೆ, ಆಕಿದ್ದೆ! ಸ್ವಲ್ಪ ದಿನ ತಡೀರಿ, ನಮ್ದೂ ಕಿತ್ತೋಯ್ತದೆ."

ಆ ಗದ್ದಲದಲ್ಲಿ, ಡೈರಿಯಲ್ಲಿಟ್ಟಿದ್ದ ಅರ್ಜಿಯಲ್ಲಿ ಮೇಸ್ತ್ರಿ ಬೇಡವೆಂಬ ಎರಡನೆಯ ಮಾತನ್ನು ಹೊಡೆದು ಹಾಕಿದ್ದು ಯಾರು ಎಂದು ನನಗೆ ಕಾಣಲಿಲ್ಲ. ಹೊಡೆದದ್ದಂತೂ ಹೌದು. ಮರುದಿನ ಊರಿನ ಇಬ್ಬರು ಹಿರಿಯರು ಕಂಟ್ರಾಕ್ಟರಿಗೆ ಫೋನು ಮಾಡಿ, ಅದೇ ಮೇಸ್ತ್ರಿಯನ್ನೇ ಕಳಿಸಿ ಎಂದರು. ಎರಡೂ ಬೀದಿಗೆ.

ಸಂಕ್ರಾಂತಿ ಕಳೆದ ವಾರ ಮೇಲಿನ ಬೀದಿಯ ಕೆಲಸ ಮತ್ತೆ ಶುರುವಾಯಿತು. ಕೆಳಪದರ ಒಣಗಿದೆಯೇ ಎಂದು ನೋಡಿ ಬರೆಯಲು ನಾನೂ ಬೆಳಿಗ್ಗೆ ಬೆಳಿಗ್ಗೆಯೇ ಹೋದೆ. ಅಂದು ಯಾರೂ ಬಾಗಿಲಿಗೆ ನೀರು ಹಾಕಿರಲಿಲ್ಲ. ದೊಡ್ಡವ್ವ ಮನೆಮನೆಗೂ ಹೋಗಿ ಹೇಳಿ ಬಂದಿದ್ದಳು. ಬಿಂದಿಗೆ ಎತ್ತಲು ಹೋದ ಒಂದಿಬ್ಬರ ಕೈಯಿಂದ ಕಿತ್ತು ಇಟ್ಟಳಂತೆ. ಒಣ ಬೀದಿಯ ಎರಡೂ ಬದಿಯಲ್ಲಿ ಹೆಂಗಸರು ಏನು ಮಾಡಬೇಕೆಂದು ತೋಚದೆ ಹೊಸಿಲಲ್ಲಿ ನಿಂತಿದ್ದರು. ಗಂಡಸರು ಹೆಗಲಿಗೆ ಟವೆಲು ಹಾಕಿಕೊಂಡು ಗುಂಪಾಗಿ ನಿಂತಿದ್ದರು. ಬೀದಿಯ ನಡುವೆ ಡಾಂಬರಿನ ಡ್ರಮ್ಮಿನ ಕೆಳಗೆ ಸೌದೆ ಉರಿಯುತ್ತಿತ್ತು, ಹೊಗೆ ಮೇಲೇಳುತ್ತಿತ್ತು.

ಬಂಡೂರಿನಿಂದ ಮೊದಲ ಬಸ್ಸಿಗೆ ಹೊರಟು ಮಳವಳ್ಳಿಯ ಮೇಲೆ ಬಂದಿದ್ದ ಅವ್ವ ಇಷ್ಟನ್ನು ಬೀದಿಯ ಬಾಯಲ್ಲಿ ನಿಂತು ನೋಡಿದಳು. ಅಕ್ಕನಿಗೆಂದು ತಂದಿದ್ದ ಅವರೆಕಾಯಿಯ ಚೀಲ ಕೈಯಿಂದ ಜಾರಿತು. ಅವಳಿಗೆ ರಸ್ತೆಯ ವಿಷಯ ಯಾರೂ ತಿಳಿಸಿರಲಿಲ್ಲ, ನಾನೂ ಸೇರಿದಂತೆ.

"ಅಕ್ಕಯ್ಯೋ! ನನ್ ಬುಟ್ಟು ಎಂಗ್ ಓದ್ಯೇ ಅಕ್ಕಯ್ಯೋ!" ಎಂದು ಓಡಿಬಂದು, ದೊಡ್ಡವ್ವನ ಮನೆಯ ಮುಂದೆ, ಆಗಷ್ಟೇ ಗುಡಿಸಿ ತಟ್ಟೆಯ ಹಾಗೆ ಮಾಡಿದ್ದ ಜಾಗದ ನಟ್ಟನಡುವೆ ಕುಸಿದು ಕೂತಳು.

ನಾನು ಅವಳ ಕಡೆ ಓಡಿದೆ. ನನ್ನನ್ನು ಕಂಡು ಅವಳ ಅಳು ಇನ್ನೂ ಜೋರಾಯಿತು. ಅಷ್ಟರಲ್ಲಿ ದೊಡ್ಡವ್ವ ಕೈಯಲ್ಲಿ ಪೊರಕೆ ಹಿಡಿದೇ ಹೊರಗೆ ಬಂದಳು.

"ಬದ್ಕಿವ್ನಿ ಕಣೇ! ಎದ್ದೇಳು ಮೇಲಕ್ಕೆ."

ಅವ್ವ ಅಕ್ಕನನ್ನು ನೋಡಿದಳು, ಹೊಗೆಯನ್ನು ನೋಡಿದಳು, ಮತ್ತೆ ಅಕ್ಕನನ್ನು ನೋಡಿದಳು. ಈಗ ಸಂತೋಷಕ್ಕೆ ಅಳಲು ಶುರುಮಾಡಿದಳು; ಅದು ಮೊದಲಿನದಕ್ಕಿಂತ ಧಾರಾಳವಾಗಿತ್ತು. ಬೀದಿಯಲ್ಲಿ ಯಾರಿಗೂ ನಗು ತಡೆಯಲಾಗಲಿಲ್ಲ. ನಗದೆ ನಿಂತಿದ್ದವರು ಮೇಸ್ತ್ರಿ ಒಬ್ಬರೇ. ಸಿಂಪಡಿಸುವ ಕೊಳವೆಯನ್ನು ಕೆಳಗಿಟ್ಟು ಮೆಲ್ಲಗೆ ಹತ್ತಿರ ಬಂದರು. ಹಿಂದಿನ ಸಲ ದೊಡ್ಡವ್ವನ ಮುಂದೆ ಸುಮ್ಮನಾದ ಮನುಷ್ಯ ಈ ಸಲ ಸುಮ್ಮನಾಗಲಿಲ್ಲ.

"ಅಮ್ಮಾ, ತಪ್ಪು ತಿಳ್ಕೊಬ್ಯಾಡಿ. ಅಳೋದಾದ್ರೆ ಜಗಲಿ ಮೇಲೆ ಕೂತ್ಕೊಂಡು ಅಳಿ. ಇಲ್ಲಿ ತ್ಯಾವ ಆಯ್ತದೆ."

ದೊಡ್ಡವ್ವ ತಂಗಿಯ ರಟ್ಟೆ ಹಿಡಿದು ಜಗಲಿಗೆ ಎಳೆದೊಯ್ದಳು. ಮೇಸ್ತ್ರಿ ಹೆಗಲ ಟವೆಲು ತೆಗೆದು ಅವ್ವ ಕೂತಿದ್ದ ಜಾಗವನ್ನು ಒರೆಸಿದರು, ಅಂಗೈ ಊರಿ ನೋಡಿದರು, ನನ್ನ ಕಡೆ ತಿರುಗಿ ನೀವೂ ನೋಡಿ ಎಂಬಂತೆ ಸರಿದು ನಿಂತರು. ನಾನೂ ಅಂಗೈ ಊರಿ ನೋಡಿ ತಲೆಯಾಡಿಸಿದೆ. ಅವರು ಕೆಲಸದವರಿಗೆ ಕೈ ಬೀಸಿದರು.